ಬಳೆಗಾರ್ತಿಯ ಬೆರಳು

ಹಳಿಯಾಳದಿಂದ ದಾಂಡೇಲಿಯ ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ್ತಿ ಕಣ್ಣಳತೆಯನ್ನು ನಂಬುತ್ತಿರಲಿಲ್ಲ. ಕೈ ಹಿಡಿದು, ಗೆಣ್ಣು ಒತ್ತಿ, “ಕೈ ಸಡ್ಲ ಬಿಡವಾ” ಎನ್ನುತ್ತಿದ್ದಳು. ಅಷ್ಟರಲ್ಲಿ ಬಳೆ ಏರಿರುತ್ತಿತ್ತು.

ನನಗೆ ಕ್ಷಯ ಬಂದ ವರ್ಷ ಮುಂಗೈ ತುಂಬ ಕೆಂಪು ಗಂಟುಗಳೂ ಎದ್ದವು. ತಂಗಿಯ ಮದುವೆಗೆ ಎಲ್ಲರೂ ಬಳೆ ಇಡಿಸಿಕೊಳ್ಳುವಾಗ ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡು ದೂರ ಕುಳಿತಿದ್ದೆ. ಬಳೆಗಾರ್ತಿಯೇ ಎದ್ದು ಬಂದು ನನ್ನ ಕೈ ಎಳೆದುಕೊಂಡಳು. ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳು.

“ಕೆಮ್ಮು ಹೋತಲ್ಲ, ಇವ್ಯಾಕ ಹೋಗಿಲ್ಲ?”

“ಇವೂ ಟಿಬೀದ ಇರಬೇಕ್ರಿ. ಗುಳಿಗಿ ಮುಗದ ಮ್ಯಾಲ ಹೋಗ್ತಾವ.”

“ಪಂಚಮಿಗೆ ಬಳಿ ಇಡೂ ಮುಂದ ಸಣ್ಣ ಇದ್ದವು. ಈಗ ದಪ್ಪ ಆಗ್ಯಾವ. ಇದು ಬ್ಯಾರೆ ಏನೋ ಐತಿ, ತೋರಿಸ್ಕೊ. ಕೈ ಸಡ್ಲ ಬಿಡವಾ.”

ಮದುವೆ ಮುಗಿಸಿ ಧಾರವಾಡಕ್ಕೆ ಹೋದೆ. ಚರ್ಮದ ಚೂರು ತೆಗೆದು ಪರೀಕ್ಷಿಸಿದ ವೈದ್ಯರು, ಕ್ಷಯದ ಜೊತೆಗೇ ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆಯೂ ಇದೆ, ಅದಕ್ಕೆ ಬೇರೆಯೇ ಔಷಧ ಬೇಕು ಎಂದರು. ಈ ಗಂಟು ಮುಟ್ಟಿದರೆ ಅಂಟುವುದಿಲ್ಲ ಎಂದೂ ಹೇಳಿದರು.

ಬಳೆಗಾರ್ತಿಗೆ ಅಂದು ಇದಾವುದೂ ಗೊತ್ತಿರಲಿಲ್ಲ. ನನ್ನ ಕೈಗೆ ಬಳೆ ಏರಿಸಿ, ಅದೇ ಬೆರಳುಗಳಿಂದ ಮದುಮಗಳ ಕೈ ಹಿಡಿದಿದ್ದಳು.