ಬಿಚ್ಚದೆ ಟಿಕ್ ಹಾಕಿದ ಗಂಟು

ನಮ್ಮ ಪಿಕಪ್ ಗಾಡಿಯನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂಬುದು ವಿಜಯದಶಮಿಯ ಒಂದು ದಿನದ ಪ್ರಯಾಣದ ಮೇಲೆ ನಿಂತಿತ್ತು. ಷರತ್ತು ಹಾಕಿದವಳು ನಾನೇ.

ಗಾಡಿ ನನ್ನ ಗಂಡನದು. ಅವರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ರಜೆ ಸಿಕ್ಕರೆ ಡಾಂಬರು ಮುಗಿದು ಕಲ್ಲು ದಾರಿ ಶುರುವಾಗುವ ಕಡೆಗೆ ಗಾಡಿ ತಿರುಗಿಸುವುದು ಅವರ ಅಭ್ಯಾಸ. ನನ್ನ ವಾರದ ರಜೆಯೂ ಹೊಂದಿದಾಗೆಲ್ಲ ನಾನೂ ಪಕ್ಕದ ಸೀಟಿನಲ್ಲಿ ಇರುತ್ತಿದ್ದೆ. ಐದು ತಿಂಗಳ ಹಿಂದೆ ಅವರಿಗೆ ಬೈಪಾಸ್ ಆಯಿತು. ಗಾಡಿ ಓಡಿಸಬಹುದು, ಆದರೆ ಇನ್ನೂ ಕೆಲವು ತಿಂಗಳು ಭಾರ ಎತ್ತುವುದು, ಜೋರಾಗಿ ಎಳೆಯುವುದು ಬೇಡ ಎಂದು ಡಾಕ್ಟರು ಹೇಳಿದರು. ಅವರು ಮೊದಲನೆಯ ಅರ್ಧ ಕೇಳಿಸಿಕೊಂಡರು. ನಾನು ಎರಡನೆಯ ಅರ್ಧ ಕೇಳಿಸಿಕೊಂಡೆ.

ಮಾರೇನಹಳ್ಳಿಯಿಂದ ಒಬ್ಬರು ಎರಡು ಸಲ ಬಂದು ಗಾಡಿ ನೋಡಿ ಹೋಗಿದ್ದರು. ಹಬ್ಬ ಮುಗಿದ ಮೇಲೆ ಉತ್ತರ ಹೇಳುತ್ತೇವೆ ಎಂದಿದ್ದೆವು. ಅವರು ಹೋದ ಸಂಜೆ ಇವರು ಗಾಡಿಯ ಬಾನೆಟ್ ಒರೆಸುತ್ತಾ ನಿಂತಿದ್ದರು. ಒರೆಸುವಂಥ ಧೂಳು ಇರಲಿಲ್ಲ. ಅದನ್ನು ನೋಡಿ ನಾನು ಹೇಳಿದೆ:

"ಒಂದು ದಿನದ ಟ್ರಿಪ್ ಹೋಗೋಣ. ಸಾಮಾನು ನಾನು ತುಂಬ್ತೀನಿ. ದಾರೀಲಿ ಏನಾದ್ರೂ ಆದ್ರೆ ನಾನೇ ಸರಿಮಾಡ್ತೀನಿ. ನೀವು ಒಂದೇ ಒಂದು ಸಲ ಕೈ ಹಾಕಿದ್ರೂ ಗಾಡಿ ಅವರಿಗೆ."

"ನಿಂಗೆ ಜಾಕ್ ಯಾವ ಕಡೆ ತಿರುಗುತ್ತೆ ಗೊತ್ತೇನೇ?"

"ಕಲೀತೀನಿ."

ಕಲಿಯಲು ಹೋದದ್ದು ನಾಯಂಡಹಳ್ಳಿಗೆ. ಅಲ್ಲಿ ಗೋದಾಮುಗಳ ನಡುವೆ ಒಂದು ಶೆಡ್ಡಿದೆ. ಗಾಡಿ ಕೊಂಡ ದಿನದಿಂದಲೂ ಅದರ ರಿಪೇರಿ ಅಲ್ಲಿಯ ಮೆಕ್ಯಾನಿಕ್ಕೇ ಮಾಡುವುದು. ಅರವತ್ತರ ಹತ್ತಿರದ ವಯಸ್ಸು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಕೆಲಸ ಮಾಡುವವರು. ನನ್ನ ಗಂಡನ ಕಬ್ಬಿಣದ ಟೂಲ್ ಪೆಟ್ಟಿಗೆ ಇಳಿಸಲು ಇಬ್ಬರು ಬೇಕಾಯಿತು. ಮೆಕ್ಯಾನಿಕ್ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಸಾರ್ ಕಾಡಿಗೆ ಹೋಗ್ತಿದ್ರೋ, ಗ್ಯಾರೇಜ್ ಶಿಫ್ಟ್ ಮಾಡ್ತಿದ್ರೋ ಮೇಡಂ?"

ನೆಲದ ಮೇಲೆ ಮೂರು ಗುಂಪು ಮಾಡಿದರು. ಬೇಕಾದದ್ದು ಒಂದು ಕಡೆ, ಬೇಡದ್ದು ಒಂದು ಕಡೆ. ಮೂರನೆಯ ಗುಂಪಿನಲ್ಲಿ ಒಂದೇ ಸ್ಪ್ಯಾನರ್ ಇತ್ತು. "ಇದು ನಂದು. ಎರಡು ವರ್ಷದಿಂದ ಹುಡುಕ್ತಾ ಇದೀನಿ," ಎಂದು ಅದನ್ನು ಜೇಬಿಗೆ ಹಾಕಿಕೊಂಡರು.

ಬೇಕಾದ ಗುಂಪು ಚಿಕ್ಕದಾಗಿತ್ತು. ಜಾಕ್, ಅದು ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗಿಡಲು ಒಂದು ಹಲಗೆ, ಚಕ್ರದ ಬೋಲ್ಟ್ ಬಿಚ್ಚುವ ಎಲ್ ಆಕಾರದ ವೀಲ್ ಸ್ಪ್ಯಾನರ್, ಇಕ್ಕಳ, ಎರಡು ಸ್ಕ್ರೂಡ್ರೈವರ್, ಗಿಡ್ಡ ಹಿಡಿಯ ಸಲಿಕೆ, ಗಾಡಿ ಎಳೆಸಲು ಅಗಲದ ಪಟ್ಟಿ, ಫ್ಯೂಸು, ಟೇಪು, ಟಾರ್ಚು. ಇವಕ್ಕೆ ಅವರು ಸೇರಿಸಿದ್ದು ಎರಡೇ: ಬ್ಯಾಟರಿಯಿಂದ ಓಡುವ ಗಾಳಿ ಪಂಪು ಮತ್ತು ಪಂಕ್ಚರ್ ಡಬ್ಬಿ. ಟ್ಯೂಬ್‌ಲೆಸ್ ಟೈರಾದ್ದರಿಂದ ಚಕ್ರ ಬಿಚ್ಚದೆಯೇ ತೂತಿಗೆ ರಬ್ಬರ್ ಬತ್ತಿ ತುರುಕಿ ಮುಚ್ಚಬಹುದು ಎಂದರು. "ಸಾರ್‌ಗೆ ಟೈರ್ ಎತ್ತಕ್ಕೆ ಬಿಡಬೇಡಿ. ನೀವೂ ಎತ್ತಬೇಡಿ. ಮೊದಲು ಇದನ್ನ ನೋಡಿ. ಒಂದ್ ಸಲ ನಿಮ್ಮ ಕೈಯಲ್ಲೇ ಮಾಡಿ, ಆಮೇಲೆ ಬ್ಯಾಗಿಗೆ ಹಾಕಿ."

ಹಳೆಯ ಟೈರೊಂದಕ್ಕೆ ಅವರೇ ಮೊಳೆ ಹೊಡೆದು ಕೊಟ್ಟರು. ಮೊದಲ ಸಲ ನಾನು ಒತ್ತಿದ ಬತ್ತಿ ಪೂರ್ತಿ ಟೈರಿನೊಳಗೆ ಮಾಯವಾಯಿತು.

"ಹೋಯ್ತು ಮೇಡಂ. ಪೋಸ್ಟ್ ಡಬ್ಬಕ್ಕೆ ಕಾಗದ ಹಾಕ್ದಂಗಾಯ್ತು. ಇನ್ನೊಂದು ತಗೊಳ್ಳಿ."

ಎರಡನೆಯದು ನಿಂತಿತು. ಮೂರನೆಯದೂ ನಿಂತಿತು. ಆಮೇಲೆ ಟೀ ತರಿಸಿದರು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಪುಟ ನೋಡಿದವಳು. ಶೀರ್ಷಿಕೆ, ಚಿತ್ರದ ಅಡಿಬರಹ, ಹೆಸರು, ಊರು ಎಲ್ಲವನ್ನೂ ಕಣ್ಣಾರೆ ಓದದೆ ಟಿಕ್ ಹಾಕಬಾರದು ಎಂಬುದನ್ನು ಹೊಸಬರಿಗೆ ಹೇಳಿಕೊಟ್ಟವಳೂ ನಾನೇ. ಸಾಮಾನಿನ ಪಟ್ಟಿಯನ್ನೂ ಹಾಗೇ ಮಾಡಿದೆ. ಒಂದು ಹಾಳೆ, ಒಂದೊಂದು ವಸ್ತುವಿಗೆ ಒಂದೊಂದು ಸಾಲು, ಎದುರಿಗೆ ಖಾಲಿ ಚೌಕ. ಔಷಧಿಗೆ ಬೇರೆ ಬಿಸ್ಕತ್ತಿನ ಡಬ್ಬಿ. ಎದೆನೋವು ಬಂದರೆ ನಾಲಿಗೆಯ ಕೆಳಗಿಡುವ ಮಾತ್ರೆ ಆ ಡಬ್ಬಿಯಲ್ಲಿ ಒಂದು ಸ್ಟ್ರಿಪ್ಪು, ನನ್ನ ಜೇಬಿನಲ್ಲಿ ಇನ್ನೊಂದು.

ಆದರೆ ಹೊರಡುವ ಹಿಂದಿನ ದಿನ ಆಯುಧ ಪೂಜೆ. ನಮ್ಮ ಅತ್ತೆ ದಾವಣಗೆರೆ ಕಡೆಯವರು. ಮಗನಿಗೆ ಆಪರೇಷನ್ ಆದಾಗ ಬಸವೇಶ್ವರನಗರದ ನಮ್ಮ ಮನೆಗೆ ಬಂದವರು ಆಮೇಲೆ ನಮ್ಮ ಜೊತೆಯಲ್ಲೇ ಉಳಿದಿದ್ದರು. ಮನೆಯಲ್ಲಿ ಕೆಲಸಕ್ಕೆ ಬರುವ ಕಬ್ಬಿಣವೆಲ್ಲ ಅಂದು ದೇವರ ಮುಂದೆ ಕೂರಬೇಕು ಎಂಬುದು ಅವರ ಕಟ್ಟಳೆ. ಬೆಳಿಗ್ಗೆಯೇ ಜಾಕು, ಸಲಿಕೆ, ವೀಲ್ ಸ್ಪ್ಯಾನರ್, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಗಾಡಿಯಿಂದ ಇಳಿದು, ತೊಳೆಸಿಕೊಂಡು, ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ಕೂತವು. ಪಕ್ಕದಲ್ಲಿ ಈಳಿಗೆಮಣೆ, ಕತ್ತರಿ, ನನ್ನ ಲ್ಯಾಪ್‌ಟಾಪು, ಕೆಂಪು ಪೆನ್ನು. ಕೊನೆಯಲ್ಲಿ ಅತ್ತೆಯ ಶ್ಯಾವಿಗೆ ಮಷಿನ್ನು. ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ತೊಳೆಯಲೆಂದು ಬಿಡಿಬಿಡಿ ಮಾಡಿ ಇಟ್ಟಿದ್ದರು. ಪಂಕ್ಚರ್ ಡಬ್ಬಿ ಪ್ಲಾಸ್ಟಿಕ್ಕಿನದಾದ್ದರಿಂದ ಗಾಡಿಯಲ್ಲೇ ಉಳಿಯಿತು. ಅದನ್ನು ಅತ್ತೆ ಆಯುಧವೆಂದು ಒಪ್ಪಲಿಲ್ಲ.

ಪೂಜೆಗೆ ಇಟ್ಟದ್ದನ್ನು ಮಾರನೆಯ ಬೆಳಿಗ್ಗೆ ಶಾಸ್ತ್ರಕ್ಕೆ ಒಮ್ಮೆ ಕದಲಿಸುವ ತನಕ ಮುಟ್ಟುವ ಹಾಗಿಲ್ಲ. ನಾವು ಹೊರಡುವುದು ಬೆಳಗಿನ ಐದೂವರೆಗೆ. ಅತ್ತೆ ಐದಕ್ಕೇ ಎದ್ದು, ಕದಲಿಸಿ, ಗಾಡಿಯ ಕಬ್ಬಿಣವನ್ನೆಲ್ಲ ಹಳೆಯ ಟವೆಲ್ಲಿನಲ್ಲಿ ಗಂಟು ಕಟ್ಟಿ, ಜಾಕು, ಸಲಿಕೆಯನ್ನು ಬೇರೆ ಇಟ್ಟು ತಯಾರಾಗಿದ್ದರು. ನಾನು ಗಂಟಿಗೆ ಕೈ ಹಾಕಿದೆ.

"ಈಗ ಬಿಚ್ಚಬ್ಯಾಡವ್ವ. ವಿಭೂತಿ ಉದುರತೈತಿ. ಬೆಳಕಾದಮ್ಯಾಲೆ ಬಿಚ್ಚು."

"ಎಲ್ಲಾ ಹಾಕಿದೀರಾ ಅತ್ತೆ?"

"ಹಾಕೇನಿ. ನಾಕೂ ಅದಾವು."

ಮೇಲಿನಿಂದ ತಡವಿ ನೋಡಿದೆ. ಇಕ್ಕಳ ಗೊತ್ತಾಯಿತು, ಸ್ಕ್ರೂಡ್ರೈವರ್‌ಗಳು ಗೊತ್ತಾದವು, ಎಲ್ ಆಕಾರದ ದಪ್ಪ ಕಬ್ಬಿಣವೂ ಕೈಗೆ ಸಿಕ್ಕಿತು. ನಾಲ್ಕು ಚೌಕಕ್ಕೂ ಟಿಕ್ ಹಾಕಿದೆ.

ಮಾಗಡಿ ರಸ್ತೆಯಲ್ಲಿ ಹಬ್ಬದ ಬೆಳಗು, ಟ್ರಾಫಿಕ್ ಇರಲಿಲ್ಲ. ಅನ್ನಪೂರ್ಣೇಶ್ವರಿ ನಗರದ ಕಡೆ ತಿರುಗುವ ಹೊತ್ತಿಗೆ ಇವರು ಹಾಡು ಗುನುಗಲು ಶುರುಮಾಡಿದ್ದರು. ಆಪರೇಷನ್ ಆದಮೇಲೆ ನಾನದನ್ನು ಕೇಳಿದ್ದು ಅದೇ ಮೊದಲು. ಊರು ದಾಟಿ, ಬಲಕ್ಕೆ ಮಣ್ಣಿನ ದಾರಿ ಹಿಡಿದು, ಬಂಡೆಗಳ ನಡುವೆ ಒಂದೂವರೆ ಗಂಟೆ ನಿಧಾನಕ್ಕೆ ಏರಿ ಇಳಿದು ಕೆರೆಯೊಂದರ ಹಿಂಬದಿಗೆ ಬಂದೆವು. ಫೋನಿಗೆ ಸಿಗ್ನಲ್ ಇರಲಿಲ್ಲ. ಅಲ್ಲೇ ಗಾಡಿ ಎಡಕ್ಕೆ ವಾಲಿತು. ಇಳಿದು ನೋಡಿದರೆ ಹಿಂದಿನ ಎಡ ಟೈರು ಅರ್ಧ ಕೂತಿತ್ತು.

ಇವರು ಬಾಗಿಲು ತೆಗೆದರು. ನಾನು ಅವರ ಮುಖವನ್ನೇ ನೋಡಿದೆ.

"ಸರಿ, ಸರಿ," ಎಂದು ಹೋಗಿ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು.

ಜಾಕಿನ ಕೆಳಗೆ ಹಲಗೆ ಇಟ್ಟು, ಗಂಟು ಬಿಚ್ಚಿದೆ. ಇಕ್ಕಳ. ಸ್ಕ್ರೂಡ್ರೈವರ್ ಎರಡು. ನಾಲ್ಕನೆಯದು, ವಿಭೂತಿ ಹಚ್ಚಿ ಕುಂಕುಮ ಇಟ್ಟದ್ದು, ಶ್ಯಾವಿಗೆ ಮಷಿನ್ನಿನ ತಿರುಗಿಸುವ ಹಿಡಿಕೆ.

ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಇವರು ಅಲ್ಲಿಂದಲೇ ಕೇಳಿದರು: "ಏನೇ ಅದು?"

ಎತ್ತಿ ತೋರಿಸಿದೆ. ಅವರು ನಕ್ಕರು. ಎದೆಯ ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. "ಎಷ್ಟು ಕೆಜಿ ಒತ್ತೋಣ?"

ನನಗೆ ನಗು ಬರಲಿಲ್ಲ. ವೀಲ್ ಸ್ಪ್ಯಾನರ್ ಇಲ್ಲದೆ ಚಕ್ರ ಬದಲಿಸುವಂತಿರಲಿಲ್ಲ. ಅಡ್ಡದಾರಿಯಲ್ಲಿ ನಡೆದರೂ ಮೇನ್ ರೋಡಿಗೆ ನಾಲ್ಕು ಕಿಲೋಮೀಟರ್. ನಾನು ನಡೆದು ಹೋದರೆ ಇವರು ಒಬ್ಬರೇ ಉಳಿಯಬೇಕು, ಒಬ್ಬರೇ ಉಳಿದರೆ ಸುಮ್ಮನೆ ಕೂರುವವರಲ್ಲ. ಆಗಲೇ ಎದ್ದು ನಿಂತಿದ್ದರು. "ತಡಿ, ನಾನೇ ಹೋಗಿ ಯಾವುದಾದ್ರೂ ಟ್ರ್ಯಾಕ್ಟರ್ ಕರ್ಕೊಂಡು ಬರ್ತೀನಿ. ನಡೆಯೋದಕ್ಕೇನು ಡಾಕ್ಟರ್ ಬೇಡ ಅಂದಿಲ್ಲ."

"ಈ ಬಿಸಿಲಲ್ಲಿ, ಈ ಏರಲ್ಲಿ ಬೇಡ. ಕೂತ್ಕೊಳ್ಳಿ ರೀ."

ಆಗ ಮೆಕ್ಯಾನಿಕ್ ಹೇಳಿದ್ದು ನೆನಪಾಯಿತು. ನಾನು ಮಾಡಬೇಕಾದ ಮೊದಲ ಕೆಲಸವನ್ನೇ ಬಿಟ್ಟು ಎರಡನೆಯದಕ್ಕೆ ಹೊರಟಿದ್ದೆ. ತೂತು ಎಲ್ಲಿದೆ ಎಂದು ನೋಡಿಯೇ ಇರಲಿಲ್ಲ. ತೂತು ಟೈರಿನ ಪಕ್ಕದ ಗೋಡೆಯಲ್ಲಿದ್ದರೆ ಬತ್ತಿ ನಿಲ್ಲುವುದಿಲ್ಲ, ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ನಿಲ್ಲುತ್ತದೆ. ಮಂಡಿಯೂರಿ ಕಿವಿ ಹತ್ತಿರ ತಂದೆ. ಸುಂಯ್ ಎನ್ನುವ ಸದ್ದು ಟೈರಿನ ಹಿಂಬದಿಯಿಂದ ಬರುತ್ತಿತ್ತು. ಎತ್ತಿನ ಲಾಳದ ಮೊಳೆ, ನೆಲಕ್ಕೆ ತಾಗುವ ಪಟ್ಟೆಗಳ ನಡುವೆ ನೇರವಾಗಿ ಇಳಿದಿತ್ತು. ಇಕ್ಕಳದಿಂದ ಎಳೆದೆ. ಮೂರನೆಯ ಎಳೆತಕ್ಕೆ ಬಂತು. ಅರದಂಥ ಸೂಜಿ ಹಾಕಿ ತೂತು ಉಜ್ಜಿದೆ, ಇನ್ನೊಂದು ಸೂಜಿಯ ಕಣ್ಣಿಗೆ ಬತ್ತಿ ಪೋಣಿಸಿ ಒತ್ತಿದೆ.

"ಪೂರ್ತಿ ಒಳಗೆ ಹೋಗ್ಬಾರದು ಅಲ್ವಾ?" ಕಲ್ಲಿನ ಕಡೆಯಿಂದ ಪ್ರಶ್ನೆ ಬಂತು.

"ಗೊತ್ತು. ಮಾತಾಡಬೇಡಿ."

ಸೂಜಿ ಎಳೆದಾಗ ಬತ್ತಿಯ ಎರಡು ತುದಿ ಹೊರಗೆ ನಿಂತವು. ಪಂಪಿನ ವೈರನ್ನು ಬ್ಯಾಟರಿಗೆ ಸಿಕ್ಕಿಸಿದೆ. ಸದ್ದು ಮಾಡುತ್ತಾ ಅದು ಗಾಳಿ ತುಂಬಿತು. ಗಾಡಿ ಇಷ್ಟಿಷ್ಟೇ ನೆಟ್ಟಗಾಯಿತು. ತೂತಿನ ಮೇಲೆ ಕುಡಿಯುವ ನೀರು ಹೊಯ್ದು ನೋಡಿದೆ. ಗುಳ್ಳೆ ಬರಲಿಲ್ಲ. ಇನ್ನೊಮ್ಮೆ ಹೊಯ್ದೆ. ಆಗಲೂ ಬರಲಿಲ್ಲ. ನೆಲದ ಮೇಲೆ ಹಾಗೆಯೇ ಕೂತುಬಿಟ್ಟೆ. ಐದು ತಿಂಗಳಿಂದ ಹೆಗಲು ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದೆ ಎಂಬುದು ಅದು ಸಡಿಲವಾದಾಗ ತಿಳಿಯಿತು.

ಇವರು ಹತ್ತಿರ ಬಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. "ಫ್ಲಾಸ್ಕ್ ಎತ್ತಿದ್ದು ಲೆಕ್ಕಕ್ಕಿಲ್ಲ ತಾನೆ?"

ವಾಪಸ್ಸು ಹೊರಟು ಡಾಂಬರು ಮುಟ್ಟಿದಾಗ ಫೋನಿನಲ್ಲಿ ಮನೆಯಿಂದ ಏಳು ಮಿಸ್ಡ್ ಕಾಲ್. ಅತ್ತೆಗೆ ಏನಾಯಿತೋ ಎಂದು ತಕ್ಷಣ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡರು.

"ನನ್ನ ಶ್ಯಾವಿಗಿ ಮಿಷಿನ್ನಿನ ಹಿಡಿಕಿ ನೋಡಿಯೇನವ್ವ? ಹಿಟ್ಟು ನಾದಿಟ್ಟು ಕುಂತೀನಿ. ಮನಿಯೆಲ್ಲಾ ಹುಡುಕಿದೆ."

"ನಮ್ಮ ಜೊತೆ ಇದೆ ಅತ್ತೆ. ಪ್ರವಾಸಕ್ಕೆ ಬಂದಿದೆ."

"ಹಂಗಾರೆ ದೇವರ ಮುಂದಿರೋದು ನಿಮ್ಮದಾ? ನಾನೂ ಅದನ್ನ ಹಾಕಿ ತಿರುವಾಕ ನೋಡಿದೆ. ಹೊಂದ್ಲೇ ಇಲ್ಲ."

ಮನೆ ಸೇರಿದಾಗ ಎರಡು ಗಂಟೆ. ವೀಲ್ ಸ್ಪ್ಯಾನರ್ ದೇವರ ಮುಂದೆ, ದಾಸವಾಳ ಮುಡಿದುಕೊಂಡು, ಸ್ವಲ್ಪ ಹಿಟ್ಟು ಮೆತ್ತಿಸಿಕೊಂಡು ಕೂತಿತ್ತು. ಅತ್ತೆ ಹಿಡಿಕೆಯನ್ನು ತೊಳೆದು ಮಷಿನ್ನಿಗೆ ಸಿಕ್ಕಿಸಿ ತಿರುವಲು ಕೂತರು. ನಾನು ಪಟ್ಟಿಯ ಹಾಳೆ ತೆಗೆದು ಆ ನಾಲ್ಕು ಟಿಕ್ಕುಗಳನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಆಮೇಲೆ ಮಾರೇನಹಳ್ಳಿಯವರಿಗೆ ಫೋನು ಮಾಡಿ, ಗಾಡಿ ಕೊಡುವ ಯೋಚನೆ ಬಿಟ್ಟಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ ಎಂದೆ.

ಇವರು ಅಷ್ಟು ಹೊತ್ತೂ ಹಿಂದಿನ ದಿನದ ಪೇಪರ್ ಹಿಡಿದು ಕೂತಿದ್ದರು. ಪುಟ ತಿರುವಿರಲಿಲ್ಲ. ನಾನು ಫೋನು ಇಟ್ಟ ಮೇಲೆ ಎದ್ದು ದೇವರ ಮನೆಯ ಹತ್ತಿರ ಹೋದರು.

"ಈ ಸ್ಪ್ಯಾನರ್ ಗಾಡೀಲಿ ಇಟ್ಟು ಬರ್ಲಾ?"

"ಅಲ್ಲೇ ಇರಲಿ. ನಾನು ಇಡ್ತೀನಿ," ಎಂದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು, ಮತ್ತೆ ಗುನುಗುತ್ತಾ, ಅಡುಗೆಮನೆಗೆ ಶ್ಯಾವಿಗೆ ನೋಡಲು ಹೋದರು.