ಹೇಳ್ಲಾ, ಬೇಜಾರ್ ಮಾಡ್ಕೋತೀರಾ?

ನಮ್ಮ ಸ್ಟಾಫ್ ರೂಮಿನಲ್ಲಿ ಅತಿ ಹೆಚ್ಚು ಸವೆದಿರುವ ಪದ ‘ಚೆನ್ನಾಗಿತ್ತು’. ಹೊಸ ಸೀರೆ, ಡಬ್ಬಿಯ ಚಿತ್ರಾನ್ನ, ವಾರ್ಷಿಕೋತ್ಸವದ ಭಾಷಣ, ಯಾವುದರ ಬಗ್ಗೆ ಯಾರು ಕೇಳಿದರೂ ಉತ್ತರ ಇದೊಂದೇ. ಹಲಸೂರಿನ ಈ ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ನನ್ನ ಕೂದಲು ನರೆತಿದೆ. ಇಷ್ಟು ವರ್ಷದಲ್ಲಿ ಈ ಪದದಿಂದ ಯಾರಿಗೂ ಕೆಡುಕಾದದ್ದನ್ನು ನಾನು ಕಂಡಿಲ್ಲ. ಒಳ್ಳೆಯದಾದದ್ದನ್ನೂ ಕಂಡಿಲ್ಲ.

ಹೀಗಿರುವಾಗ ಕಳೆದ ಜೂನ್‌ನಲ್ಲಿ ಹೆಡ್ ಮೇಡಂ ಎರಡು ಆಜ್ಞೆ ಹೊರಡಿಸಿದರು. ಪ್ರತಿ ಟೀಚರೂ ಈ ವರ್ಷಕ್ಕೊಂದು ‘ತಂತ್ರಜ್ಞಾನ ಗುರಿ’ ಇಟ್ಟುಕೊಳ್ಳಬೇಕು. ಜೊತೆಗೆ, ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ನೋಡಿ, ಅನಿಸಿದ್ದನ್ನು ಅವರಿಗೇ ಹೇಳಬೇಕು. ಈ ಫೀಡ್‌ಬ್ಯಾಕ್ ಎಂಬುದಕ್ಕೆ ತರಬೇತಿ ಪುಸ್ತಕಗಳಲ್ಲಿ ‘ಹಿಮ್ಮಾಹಿತಿ’ ಎಂಬ ಕನ್ನಡವಿದೆ. ಹಿಂದಿನಿಂದ ಬರುವ ಮಾಹಿತಿ. ಎಷ್ಟು ಸರಿಯಾದ ಪದ ನೋಡಿ! ನಾವೆಲ್ಲ ಅದನ್ನು ಪರಸ್ಪರರ ಬೆನ್ನ ಹಿಂದೆ ಧಾರಾಳವಾಗಿ ಕೊಟ್ಟುಕೊಂಡೇ ಬಂದಿದ್ದೆವು. ಎದುರಿಗೆ ಕೊಡಿ ಎಂದಾಗಲೇ ತೊಂದರೆ ಶುರುವಾದದ್ದು.

ನನ್ನ ಗುರಿ ಘನವಾಗಿತ್ತು: ಎಲ್ಲ ಪಾಠವೂ ಸ್ಮಾರ್ಟ್ ಬೋರ್ಡಿನಲ್ಲೇ. ಭಾನುವಾರಗಳನ್ನೆಲ್ಲ ಲ್ಯಾಪ್‌ಟಾಪಿಗೆ ಅರ್ಪಿಸಿ ಸಮಾಸದ ಪಾಠ ತಯಾರಿಸಿದೆ. ‘ಅರಮನೆ’ಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಅರಸ ಒಂದು ಕಡೆಗೆ, ಮನೆ ಇನ್ನೊಂದು ಕಡೆಗೆ ಹಾರಿಹೋಗುತ್ತಿದ್ದವು. ಹಿನ್ನೆಲೆಯಲ್ಲಿ ಗಂಟೆಯ ಸದ್ದು ಬೇರೆ. ಅದನ್ನು ನೋಡಲು ಬಂದವರು ಗಣಿತದ ನಸ್ರೀನ್. ಮಸೀದಿ ರಸ್ತೆಯ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಅವರು ಪಾಠವಿಡೀ ಕೂತರು. ಅಂದು ನನ್ನ ಅರಸ ಒಮ್ಮೆಯೂ ತಪ್ಪು ದಿಕ್ಕಿಗೆ ಹಾರಲಿಲ್ಲ.

ಬಿಡುವಿನಲ್ಲಿ ಟೀ ಕುಡಿಯುತ್ತಾ ಅವರು ಕೇಳಿದರು, “ಮೇಡಂ, ಹೇಳ್ಲಾ? ಬೇಜಾರ್ ಮಾಡ್ಕೋತೀರಾ?”

ಈ ಪ್ರಶ್ನೆಗೆ ‘ಹೌದು, ಮಾಡ್ಕೋತೀನಿ’ ಎಂದವರು ಭೂಮಿಯ ಮೇಲಿಲ್ಲ. “ಅಯ್ಯೋ, ಹೇಳ್ರೀ,” ಎಂದೆ.

“ಬೋರ್ಡು ತುಂಬಾ ಚೆನ್ನಾಗಿ ಮಾತಾಡ್ತು. ನೀವೂ ಚೆನ್ನಾಗಿ ಮಾತಾಡಿದ್ರಿ. ಮಕ್ಕಳು ಮಾತ್ರ ಒಬ್ರೂ ಒಂದು ಇಡೀ ವಾಕ್ಯ ಕನ್ನಡದಲ್ಲಿ ಹೇಳ್ಲಿಲ್ಲ ಮೇಡಂ.”

ನಾನು ನಕ್ಕೆ. ಬಾಣಸವಾಡಿಯ ಬಸ್ಸು ಹತ್ತಿದ ಮೇಲೆ ನಗು ನಿಂತಿತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಾ ಹೋದೆ. ನಾನು ಪಾಠ ಶುರುಮಾಡಿದಾಗ ಈಕೆ ಫ್ರಾಕು ತೊಟ್ಟಿದ್ದಿರಬೇಕು! ಉತ್ತರಗಳು ಒಂದಕ್ಕಿಂತ ಒಂದು ಚೂಪಾಗಿದ್ದವು. ಇಳಿಯುವ ನಿಲ್ದಾಣ ಬಂದಾಗ ಮಾತ್ರ ಒಂದು ವಿಷಯ ಹೊಳೆಯಿತು: ಅಷ್ಟು ಉತ್ತರಗಳಲ್ಲಿ ಒಂದೂ ‘ಅದು ಸುಳ್ಳು’ ಎಂಬುದಾಗಿರಲಿಲ್ಲ.

ಮರುದಿನ ಪಾಠ ಮಾಡುತ್ತಲೇ ನನ್ನನ್ನು ನಾನು ಕೇಳಿಸಿಕೊಂಡೆ. “ಆದ್ದರಿಂದ ಇದು ತತ್ಪುರುಷ...?” ಎಂದು ರಾಗ ಎಳೆಯುತ್ತೇನೆ, ಇಡೀ ಕ್ಲಾಸು “ಸಮಾಸ!” ಎಂದು ಕೂಗುತ್ತದೆ. ವಾಕ್ಯ ನನ್ನದು, ಬಾಲ ಅವರದು. ನನ್ನ ಎಂಟನೇ ಕ್ಲಾಸಿನ ಬಹಳಷ್ಟು ಮಕ್ಕಳ ಮನೆಮಾತು ತಮಿಳು, ದಖನಿ, ತೆಲುಗು. ಅವರಿಗೆ ಕನ್ನಡ ಸಿಗಬೇಕಾದದ್ದು ಈ ಕೋಣೆಯಲ್ಲೇ. ನಮ್ಮ ಭಾಷೆಯಲ್ಲಿ ಮಾತನ್ನು ‘ಆಡು’ತ್ತೇವೆ, ಚೆಂಡಾಟ ಆಡುವ ಹಾಗೆ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮಕ್ಕಳಿಗೆ ಆಟ ಬರುವುದಿಲ್ಲ ಎಂದು ದೂರುತ್ತಿದ್ದವಳು ನಾನು.

ಸರಿ, ಬಿಡಬಾರದು ಎಂದುಕೊಂಡೆ. ನೇರ ಹೆಡ್ ಮೇಡಂ ಬಳಿ ಹೋಗಿ, “ನನ್ನ ಗುರಿ ಬದಲಾಯಿಸ್ತೀನಿ,” ಎಂದೆ. “ವರ್ಷ ಮುಗಿಯೋದ್ರೊಳಗೆ ಪ್ರತಿ ಮಗುನೂ ತನ್ನ ಕನ್ನಡ ತಾನೇ ಕೇಳಿಸ್ಕೋಬೇಕು. ಲ್ಯಾಬಿನ ಬೀರುವಲ್ಲಿರೋ ಹಳೇ ಟ್ಯಾಬ್‌ಗಳು ಕೊಡಿ, ಸಾಕು.”

“ದಸರಾ ಆದ್ಮೇಲೆ ಟ್ರಸ್ಟಿಗಳು ಬರ್ತಾರಲ್ರೀ. ಬೋರ್ಡ್ ಆಫ್ ಆಗಿದ್ರೆ ನಾನೇನು ಹೇಳ್ಲಿ?”

“ನನ್ನನ್ನ ಕೇಳೋಕೆ ಹೇಳಿ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನಿಮ್ಮ ಜವಾಬ್ದಾರಿ,” ಎಂದು ಬೀರುವಿನ ಕೀಲಿ ಕೊಟ್ಟರು.

ಮಕ್ಕಳನ್ನು ಜೋಡಿ ಮಾಡಿದೆ. ಒಬ್ಬರು ತಮ್ಮ ಬೀದಿಯ ಒಂದು ಸಂಗತಿಯನ್ನು ಟ್ಯಾಬಿನಲ್ಲಿ ಮಾತಾಡಿ ರೆಕಾರ್ಡ್ ಮಾಡಬೇಕು. ಇನ್ನೊಬ್ಬರು ಕೇಳಿ ಅಭಿಪ್ರಾಯ ಹೇಳಬೇಕು. ‘ಚೆನ್ನಾಗಿದೆ’ ಎಂಬ ಪದಕ್ಕೆ ನಿಷೇಧ. ಮೊದಲ ವಾರ ಸಂತೆಯೇ ನೆರೆಯಿತು. ನಿಷೇಧಿತ ಪದದ ಜಾಗಕ್ಕೆ “ನಿನ್ ವಾಯ್ಸು ಕಾಗೆ ತರ” ಬಂದು ಕೂತಿತು. ಒಬ್ಬನಂತೂ ಅತ್ತೇಬಿಟ್ಟ. ಕುಟುಕದೆ ನಿಜ ಹೇಳುವುದು ಹೇಗೆಂದು ಯಾವ ಪಠ್ಯದಲ್ಲೂ ಪಾಠವಿಲ್ಲ. ಸ್ಟಾಫ್ ರೂಮಿನಲ್ಲಿ ದೊಡ್ಡವರಾದ ನಾವೇ ಅದನ್ನು ಕಲಿತಿರಲಿಲ್ಲ. ಆದರೂ ಬಿಡಲಿಲ್ಲ. ಹೋಲಿಕೆ ಬೇಡ, ಕೇಳಿಸಿದ್ದನ್ನು ಹೇಳು, ಕೇಳಿಸದ್ದನ್ನು ಕೇಳು ಎಂದು ದಿನಾ ಹೇಳಿದೆ.

ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ಸೆಲ್ವಿಗೆ. ಹಾಜರಿಗೆ ‘ಎಸ್ ಮಿಸ್’ ಎನ್ನುವುದನ್ನು ಬಿಟ್ಟು ಆ ಹುಡುಗಿಯ ದನಿಯನ್ನು ನಾನು ಕೇಳಿರಲಿಲ್ಲ. ಟ್ಯಾಬ್ ಹಿಡಿದು ಮೂಲೆಗೆ ಹೋಗಿ ಬಂದರೆ ಅದರಲ್ಲಿ ಬರೀ ಫ್ಯಾನಿನ ಸದ್ದು. ಅವಳ ಜೋಡಿ ಶಿವಾಜಿನಗರದ ಆಯೇಷಾ ಗಂಭೀರವಾಗಿ, “ಫ್ಯಾನ್ ಸ್ಪಷ್ಟವಾಗಿ ಮಾತಾಡಿದೆ ಮಿಸ್,” ಎಂದು ವರದಿ ಒಪ್ಪಿಸಿದಳು. ಸೆಲ್ವಿಗೇ ನಗು ಬಂತು.

ಮುಂದಿನ ವಾರ ಫ್ಯಾನಿನ ನಡುವೆ ಒಂದು ಸಣ್ಣ ದನಿ ಇತ್ತು. “ನಮ್ಮನೆ ಹುಂಜ ಮಧ್ಯಾಹ್ನ ಕೂಗತ್ತೆ. ಎದುರು ಮನೆ ಅಂಕಲ್‌ಗೆ ನೈಟ್ ಡ್ಯೂಟಿ. ಹಗಲು ಮಲಗ್ತಾರೆ. ಕುಯ್ದುಬಿಡಿ ಅಂತಾರೆ. ನಾನು ಬಿಡಲ್ಲ.” ಅಷ್ಟೇ.

ಆಯೇಷಾ ಕಣ್ಣು ದೊಡ್ಡದು ಮಾಡಿದಳು. “ಆಮೇಲೇನಾಯ್ತೇ? ಹುಂಜ ಇದ್ಯಾ, ಇಲ್ವಾ?”

ಸೆಲ್ವಿ ಟ್ಯಾಬನ್ನು ಕಸಿದುಕೊಂಡೇ ಮೂಲೆಗೆ ಓಡಿದಳು. ಅವಳಮ್ಮ ಸಾರಿಗೆ ಮಸಾಲೆ ರುಬ್ಬಲು ಶುರುಮಾಡಿದ್ದು, ಇವಳು ಹುಂಜವನ್ನು ಬಟ್ಟೆಯ ಚೀಲದಲ್ಲಿ ಅಡಗಿಸಿಕೊಂಡು ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ಬಸ್ಸು ಹತ್ತಿದ್ದು, ಕಂಡಕ್ಟರ್ ಎದುರಿಗೇ ಚೀಲ ಕೂಗಿದ್ದು, ಈಗ ಅಲ್ಲಿ ರೈಲಿನ ಗಲಾಟೆಯಲ್ಲಿ ಅದು ಯಾವಾಗ ಕೂಗಿದರೂ ಯಾರಿಗೂ ಗೊತ್ತಾಗದಿರುವುದು, ಎಲ್ಲ ಬಂತು. ವಿಭಕ್ತಿಗಳು ಅಲ್ಲಲ್ಲಿ ಮುರಿದಿದ್ದವು, ನಡುವೆ ತಮಿಳು ಇಣುಕಿತ್ತು. ಆದರೆ ವಾಕ್ಯಗಳೆಲ್ಲ ತಲೆಯಿಂದ ಬಾಲದವರೆಗೆ ಅವಳವೇ.

ಟ್ರಸ್ಟಿಗಳು ಬಂದ ದಿನ ಬೋರ್ಡು ಕಪ್ಪಗೆ ನಿಂತಿತ್ತು. ಹಿರಿಯರೊಬ್ಬರು, “ಕೆಟ್ಟಿದೆಯಾ?” ಎಂದರು. ಹೆಡ್ ಮೇಡಂ ನನ್ನ ಕಡೆ ನೋಡಿದರು. “ಇಲ್ಲ ಸರ್, ಈಗ ಮಕ್ಕಳ ಸರದಿ,” ಎಂದು ಸೆಲ್ವಿಯನ್ನು ಕರೆದೆ. ಅವಳು ಎದ್ದು ಮುಂದೆ ಬಂದಳು. ಟ್ಯಾಬಿಲ್ಲದೆ, ಎಲ್ಲರೆದುರು, ಹುಂಜದ ಕಥೆ ಕೆ.ಆರ್. ಪುರ ಮುಟ್ಟಿತು. ಚೀಲ ಕೂಗಿದಾಗ ಟ್ರಸ್ಟಿಗಳೂ ನಕ್ಕರು. ಆಮೇಲೆ ಆ ಹಿರಿಯರು ನಾಲ್ಕು ಹಿತವಚನ ಹೇಳಿ ಕೂರುವಷ್ಟರಲ್ಲಿ ಆಯೇಷಾ ಕೈ ಎತ್ತಿದಳು. “ಸರ್, ವಿಷಯ ಅರ್ಥ ಆಯ್ತು. ಕೊನೇಲಿ ಸ್ಪೀಡಾಗಿ ಹೇಳಿದ್ರಿ, ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?”

ಆ ಹಿರಿಯರು ಎದ್ದು, ನಿಧಾನವಾಗಿ, ಇನ್ನೊಂದು ಸಲ ಹೇಳಿದರು. ಹೊರಡುವಾಗ ಹೆಡ್ ಮೇಡಂ ನನ್ನ ಕಿವಿಯ ಬಳಿ, “ಟ್ಯಾಬ್‌ಗಳು ನಿಮ್ಮ ಹತ್ರಾನೇ ಇರ್ಲಿ,” ಎಂದಷ್ಟೇ ಹೇಳಿದರು.

ಉಳಿದಿದ್ದು ನಸ್ರೀನರ ಕ್ಲಾಸು ನಾನು ನೋಡುವುದು. ಕೊನೆಯ ಬೆಂಚಿನಲ್ಲಿ ಕೂತೆ. ಚುರುಕಾದ ಪಾಠ. ಆದರೆ ಅವರ ಪ್ರಶ್ನೆಗಳೆಲ್ಲ ಮುಂದಿನ ಎರಡು ಸಾಲಿನಲ್ಲೇ ಖರ್ಚಾಗುತ್ತಿದ್ದವು. ನನ್ನ ಪಕ್ಕದವನು ನಿಶ್ಚಿಂತೆಯಿಂದ ವಿಮಾನದ ಚಿತ್ರ ಬಿಡಿಸುತ್ತಿದ್ದ. ಬಿಡುವಿನಲ್ಲಿ ನನ್ನ ನಾಲಿಗೆಯ ತುದಿಗೆ ಹಳೆಯ ಪದವೇ ಬಂದು ನಿಂತಿತು. ಕೇಳಿಸಿಕೊಳ್ಳುವುದೇ ಕಷ್ಟ ಎಂದು ತಿಳಿದಿದ್ದೆ. ನಾವು ಇಷ್ಟಪಡುವವರಿಗೆ ಹೇಳುವುದು ಅದಕ್ಕಿಂತ ಕಷ್ಟ. ಅವರ ಟೀ ಕಪ್ಪನ್ನೇ ನೋಡುತ್ತಾ ಕಂಡದ್ದನ್ನು ಹೇಳಿಬಿಟ್ಟೆ.

ಅವರು “ಹೂಂ” ಎಂದರು. ಮುಂದಿನ ಎರಡು ದಿನ ನನ್ನ ಜೊತೆ ಅವರಿಗೆ ಟೀ ಬೇಕೆನಿಸಲಿಲ್ಲ. ಸ್ನೇಹ ಹೋಯಿತೇನೋ ಎಂದುಕೊಂಡೆ. ಹೇಳಿದ್ದನ್ನು ಹಿಂದಕ್ಕೆ ಪಡೆಯಬೇಕೆಂದು ಮಾತ್ರ ಅನಿಸಲಿಲ್ಲ. ಮೂರನೆಯ ದಿನ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

“ನಾಳೆ ಇನ್ನೊಂದ್ಸಲ ಬಂದು ಕೂತ್ಕೊಳ್ಳಿ ಮೇಡಂ,” ಎಂದರು. “ಆದ್ರೆ ಕೊನೇ ಬೆಂಚಲ್ಲಿ ಬೇಡ. ಅಲ್ಲಿ ನಿಂತು ಪ್ರಶ್ನೆ ಕೇಳೋಕೆ ನಂಗೆ ಜಾಗ ಬೇಕು.”