ಕೆಂಪು ಚುಕ್ಕಿಯ ಲೋಟ

ಕಳೆದ ಭಾನುವಾರ ಕುಮಾರಸ್ವಾಮಿ ಲೇಔಟಿನ ಮೈದಾನದ ಪಕ್ಕ ಹೋಗುವಾಗ "ಲೋಟಾ, ಲೋಟಾ" ಎಂಬ ಕೂಗು ಕಿವಿಗೆ ಬಿತ್ತು. ಫುಟ್‌ಬಾಲ್ ನಡೆದಿತ್ತು. ನಿಂತುಬಿಟ್ಟೆ. ಇಂಗು, ಕರಿಬೇವು ಹಾಕಿದ ಮಜ್ಜಿಗೆಯ ವಾಸನೆ ಮೂಗಿಗೇ ಬಡಿದಂತಾಯಿತು. ಮೈದಾನದ ಎದುರು ಈಗ ಅಪಾರ್ಟ್‌ಮೆಂಟ್ ಇರುವ ಜಾಗದಲ್ಲಿ ಅಜ್ಜಿಯ ಮನೆಯಿತ್ತು. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಕೆಂಪು ನೆಲದ ಮನೆ. ನಾನು ಚಿಕ್ಕವಳಿದ್ದಾಗ ಇಲ್ಲಿ ಎರಡು ಟೀಮು: ನನ್ನಣ್ಣ ಆಡುತ್ತಿದ್ದ ನಮ್ಮ ಲೇಔಟಿನದು, ಮತ್ತು ಯಾರ ಹೊಲದ ಮೇಲೆ ನಮ್ಮ ಲೇಔಟ್ ಎದ್ದಿತೋ ಆ ಹಳೇ ಊರಿನ ಹುಡುಗರದು. ಅವರ ಕಡೆಯವರು ನಮ್ಮನ್ನು 'ಪುಳ್ಚಾರ್' ಎಂದು ಕೂಗುತ್ತಿದ್ದರು. ಹುಳಿ ಸಾರು ಉಣ್ಣುವ ಬ್ರಾಹ್ಮಣರು ಎಂಬ ಅಣಕ ಅದೆಂದು ನಮಗೆ ಗೊತ್ತಿತ್ತು. ನಾವು ಅವರನ್ನು 'ಲೋಟ' ಎನ್ನುತ್ತಿದ್ದೆವು. ಎಂದೋ ಲೋಟದಷ್ಟು ಪುಟ್ಟ ಕಪ್ ಗೆದ್ದಿದ್ದರಂತೆ, ಅದಕ್ಕೇ ಎಂದು ನಾನು ನಂಬಿದ್ದೆ.

ಹಾಫ್ ಟೈಮಿಗೆ ಎರಡೂ ಟೀಮಿಗೆ ಅಜ್ಜಿಯದೇ ಮಜ್ಜಿಗೆ. ನಮ್ಮ ಹುಡುಗರು ಸೀದಾ ಅಡುಗೆಮನೆಗೇ ನುಗ್ಗುತ್ತಿದ್ದರು. ಹಳೇ ಊರಿನವರಿಗೆ ಕಾಂಪೌಂಡ್ ಗೋಡೆಯ ಮೇಲೆ, ತಳದಲ್ಲಿ ಕೆಂಪು ಬಣ್ಣದ ಚುಕ್ಕಿಯಿದ್ದ ಲೋಟಗಳು. ನನಗೂ ಅದೇ ಬೇಕೆಂದು ಅತ್ತರೆ ಅಜ್ಜಿ, "ಅವು ಆಟದವರ ಲೋಟ ಕಣೇ, ಮುಟ್ಟಬೇಡ" ಎನ್ನುತ್ತಿದ್ದರು. ಅವು ಬಹುಮಾನದ ಲೋಟಗಳೆಂದೇ ನನ್ನ ಎಣಿಕೆ. ಮನೆ ಒಡೆಯುವಾಗ ಉಳಿದವರು ಬೆಳ್ಳಿ, ಹಿತ್ತಾಳೆ ಹಂಚಿಕೊಂಡರು. ನಾನು ಕೇಳಿ ತಂದದ್ದು ಆ ಲೋಟಗಳಲ್ಲೊಂದನ್ನು. ನಿಮ್ಮ ಬಳಿಯೂ ಇಂಥದ್ದೊಂದು ಉಳಿದಿರಬಹುದು. ನನ್ನ ಬೆಳಗಿನ ಕಾಫಿ ಅದರಲ್ಲೇ.

ಈ ಭಾನುವಾರ ಮೈದಾನದಲ್ಲಿ ಶಿವು ಸಿಕ್ಕ. ಆಗ ಹಳೇ ಊರಿನ ಟೀಮಿನ ಗೋಲ್‌ಕೀಪರ್, ಈಗ ಸುಬ್ರಹ್ಮಣ್ಯಪುರದಲ್ಲಿ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾನೆ.

"ಆ ಪುಟ್ಟ ಕಪ್ ಇನ್ನೂ ಇದೆಯಾ ಶಿವು?" ನಗುತ್ತಲೇ ಕೇಳಿದೆ.

"ಯಾವ ಕಪ್ಪು?"

"ಅದೇ, ಲೋಟದ ಸೈಜಿಂದು. ಅದಕ್ಕೇ ತಾನೆ ನಿಮ್ಮನ್ನ ಲೋಟ ಅಂತಿದ್ದಿದ್ದು?"

ಅವನು ನಗಲಿಲ್ಲ. "ನಾವು ಯಾವ ಕಪ್ಪೂ ಗೆದ್ದಿಲ್ಲ ವೀಣಾ. ಅದು ನಿಮ್ಮಜ್ಜಿ ಲೋಟ. ಕುಡಿದು, ನಾವೇ ತೊಳೆದು, ಗೋಡೆ ಮೇಲೆ ಬೋರಲು ಹಾಕ್ತಿದ್ವಲ್ಲ, ಅದನ್ನ ನೋಡಿ ನಿಮ್ಮ ಹುಡುಗ್ರು ಇಟ್ಟ ಹೆಸರು." ಆಮೇಲೆ ಅಂದ, "ಮಜ್ಜಿಗೆ ಮಾತ್ರ ಸಖತ್ತಾಗಿರ್ತಿತ್ತು."

ಅವರು ಲೋಟ ತೊಳೆಯುವುದನ್ನು ಎಷ್ಟು ಸಲ ನೋಡಿದ್ದೆ! ನಮ್ಮ ಹುಡುಗರು ಒಂದು ಲೋಟವನ್ನೂ ತೊಳೆದದ್ದಿಲ್ಲ ಎಂಬುದು ಮಾತ್ರ ಈಗ ಕಣ್ಣಿಗೆ ಬಿತ್ತು. ನನ್ನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದ ಕೈ, ಹಾಲು ಸಾಲದ ದಿನವೂ ಆ ಹುಡುಗರಿಗೆಂದು ಮೊಸರು ಎತ್ತಿಡುತ್ತಿದ್ದ ಕೈ, ಅದೇ ಕೈ, ಮನೆಯ ಲೋಟಗಳ ಜೊತೆ ಬೆರೆಯದಿರಲೆಂದು, ಒಂದೊಂದೇ ಲೋಟಕ್ಕೆ ಚುಕ್ಕಿ ಇಟ್ಟಿತ್ತು. ಅಜ್ಜಿ ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಈಗ ಮನೆಯೂ ಇಲ್ಲ, ಅವರೂ ಇಲ್ಲ.

ಮೈದಾನದಲ್ಲಿ ಮಕ್ಕಳು ಇನ್ನೂ ಕೂಗುತ್ತಿದ್ದರು. ಅವರಿಗೆ ನಮ್ಮ ಅಜ್ಜಿಯೂ ಗೊತ್ತಿಲ್ಲ, ಮಜ್ಜಿಗೆಯೂ ಗೊತ್ತಿಲ್ಲ, ಹೆಸರೊಂದು ಗೊತ್ತು.

"ಮನೆಗೆ ಬಾ ಶಿವು, ಕಾಫಿ ಕುಡಿದು ಹೋಗು" ಎನ್ನಲು ಬಾಯಿ ತೆರೆದೆ. ಬೆಳಿಗ್ಗೆ ನಾನೇ ತೊಳೆದು ಬೋರಲು ಹಾಕಿ ಬಂದಿದ್ದ ಚುಕ್ಕಿಯ ಲೋಟ ನೆನಪಾಯಿತು.